ಸಾಣೆಗೆ ಕುಲವೆಲ್ಲಿಯದು?

ನಮ್ಮ ನುಡಿಯಲ್ಲಿ ಹರಿತವನ್ನು ಕುರಿತ ಎರಡು ಮಾತುಗಳು ಬಳಕೆಯಲ್ಲಿವೆ. ಒಬ್ಬನು ಮತ್ತೊಬ್ಬನ ಕೇಡಿಗೆ ಹೊಂಚು ಹಾಕಿದರೆ ‘ಕತ್ತಿ ಮಸೆಯುತ್ತಿದ್ದಾನೆ’ ಎನ್ನುತ್ತೇವೆ. ಒಬ್ಬನ ಬುದ್ಧಿ ಚುರುಕಾಗಿದ್ದರೆ ‘ಸಾಣೆ ಹಿಡಿದ ಬುದ್ಧಿ’ ಎಂದು ಮೆಚ್ಚಿಕೊಳ್ಳುತ್ತೇವೆ. ಕೈಯ ಕೆಲಸವು ಎರಡರಲ್ಲಿಯೂ ಒಂದೇ: ಕಲ್ಲು, ನೀರು, ಉಕ್ಕು, ತಾಳ್ಮೆ. ಆದರೆ ಆ ಕೆಲಸವನ್ನು ದಿನನಿತ್ಯವೂ ಮಾಡುವವನು ಎದುರಿಗೆ ಬಂದಾಗ ನಮ್ಮ ಮೆಚ್ಚುಗೆಯು ಎಲ್ಲಿಯೋ ಅಡಗಿಬಿಡುತ್ತದೆ. ಕಠೋಪನಿಷತ್ತು ಆತ್ಮಜ್ಞಾನದ ಹಾದಿಯನ್ನು ಕ್ಷೌರದ ಕತ್ತಿಯ ಅಲಗಿಗೆ ಹೋಲಿಸಿತು. ಆ ಹೋಲಿಕೆಯನ್ನು ಪಂಡಿತರು ತಲೆತಲಾಂತರದಿಂದ ವ್ಯಾಖ್ಯಾನಿಸುತ್ತ ಬಂದರು. ಆದರೆ ಆ ಅಲಗನ್ನು ಅಷ್ಟು ಹರಿತ ಮಾಡಿದ ಕೈ ಯಾರದು, ಅವನು ಅದನ್ನು ಹೇಗೆ ಕಲಿತನು ಎಂದು ಕೇಳುವ ಗೋಜಿಗೆ ನಾವು ಹೋಗಲಿಲ್ಲ. ಉಪಮೆಯನ್ನು ಮನೆಯೊಳಕ್ಕೆ ಕರೆದುಕೊಂಡೆವು. ಉಪಮೆಯನ್ನು ಒದಗಿಸಿದವನನ್ನು ಜಗುಲಿಯ ಕೆಳಗೆ ಕೂರಿಸಿದೆವು.

ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಆ ಕೈ ಬಹುಮಟ್ಟಿಗೆ ಹಡಪದವರದು. ಹಡಪವೆಂದರೆ ಚೀಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಎಲೆಯಡಿಕೆಯ ಚೀಲವನ್ನು ಹಿಡಿದ ಅಪ್ಪಣ್ಣನವರಿಗೆ ಹಡಪದ ಅಪ್ಪಣ್ಣನೆಂಬ ಹೆಸರು ಬಂದಿತು; ಕ್ಷೌರಿಕನು ಕಂಕುಳಲ್ಲಿ ಇರುಕಿಕೊಂಡು ಬರುವ ಸಾಮಾನಿನ ಚೀಲಕ್ಕೂ ಅದೇ ಹೆಸರು ಸಂದಿತು. ಆ ಚೀಲದಲ್ಲಿ ಮಡಿಚುವ ಕತ್ತಿ, ಕತ್ತರಿ, ಉಗುರು ತೆಗೆಯುವ ಉಳಿ, ನೀರಿನ ಬಟ್ಟಲು, ಅಂಗೈಯಗಲದ ಕನ್ನಡಿ ಇವುಗಳ ಜೊತೆಯಲ್ಲಿ ಒಂದು ನುಣುಪಾದ ಕಲ್ಲು ಮತ್ತು ಒಂದು ತೊಗಲಿನ ಪಟ್ಟಿ ಇರುತ್ತಿದ್ದವು. ಬಡಗಿ, ಕಮ್ಮಾರ, ಕುಂಬಾರ, ಅಗಸರಂತೆ ಅವನೂ ಊರಿನ ಆಯಗಾರ. ವರ್ಷವೆಲ್ಲ ಊರಿನ ಗಡ್ಡ ಬೋಳಿಸಿ, ಸುಗ್ಗಿಯಲ್ಲಿ ಎರೆಹೊಲದ ಬಿಳಿಜೋಳವು ಕಣಕ್ಕೆ ಬಂದಾಗ ತನ್ನ ಪಾಲಿನ ಕಾಳಿಗಾಗಿ ಕಣದ ಅಂಚಿನಲ್ಲಿ ನಿಲ್ಲುತ್ತಿದ್ದನು.

ಆ ಚೀಲವು ಹೋಗಿ ಈಗ ಅಂಗಡಿ ಬಂದಿದೆ; ತಿರುಗುವ ಕುರ್ಚಿ, ಗೋಡೆಯಗಲದ ಕನ್ನಡಿ ಬಂದಿವೆ. ಕಲ್ಲು ಮಾತ್ರ ಕಾಣೆಯಾಗಿದೆ. ಕಾರಣವನ್ನು ಕೇಳಿದರೆ ಎಲ್ಲರೂ ಬ್ಲೇಡಿನ ಕಡೆಗೆ ಬೆರಳು ತೋರಿಸುತ್ತಾರೆ. ಅದು ಅರ್ಧ ನಿಜ. ಉಳಿದರ್ಧವನ್ನು ಹೇಳುವುದೇ ಈ ಬರಹದ ಉದ್ದೇಶ. ನಾವು ಒಂದು ವಿದ್ಯೆಯನ್ನು ಒಂದು ಕುಲಕ್ಕೆ ಕಟ್ಟಿದೆವು. ಆ ಕುಲಕ್ಕೆ ಕೀಳರಿಮೆಯನ್ನು ಕಟ್ಟಿದೆವು. ಕೀಳರಿಮೆಯಿಂದ ಬಿಡಿಸಿಕೊಳ್ಳಬಯಸಿದವನು ವಿದ್ಯೆಯನ್ನೂ ಅಲ್ಲಿಯೇ ಬಿಟ್ಟು ನಡೆಯಬೇಕಾಯಿತು. ಗಂಟು ಬಿಚ್ಚದೆ ಹೊರೆಯನ್ನೇ ಇಳಿಸಿದಂತೆ ಆಯಿತು.

ಹಾಗಾದರೆ ಅದು ವಿದ್ಯೆಯೇ? ಕಬ್ಬಿಣವನ್ನು ಕಲ್ಲಿಗೆ ತಿಕ್ಕುವುದರಲ್ಲಿ ಏನು ವಿದ್ಯೆ ಎಂದು ಕೇಳುವವರುಂಟು. ಅವರು ಒಂದು ಸಲ ಕ್ಷೌರದ ಕತ್ತಿಯನ್ನು ಹಿಡಿದು ನೋಡಬೇಕು. ಕುಡುಗೋಲನ್ನೋ ಈಳಿಗೆಯನ್ನೋ ಮಸೆಯುವಾಗ ಕೋನವನ್ನು ಕೈಯೇ ಊಹಿಸುತ್ತದೆ. ಕ್ಷೌರದ ಕತ್ತಿಯಲ್ಲಿ ಹಾಗಲ್ಲ. ಅದನ್ನು ಮಾಡಿದವನೇ ಕೋನವನ್ನು ಅದರ ಬೆನ್ನಿನಲ್ಲಿ ಇಟ್ಟಿರುತ್ತಾನೆ. ಬೆನ್ನು ದಪ್ಪ, ಬಾಯಿ ತೆಳು, ನಡುವೆ ಎರಡು ಕಡೆಯೂ ಕುಳಿಬಿದ್ದ ಮೈ. ಕತ್ತಿಯನ್ನು ಕಲ್ಲಿನ ಮೇಲೆ ಅಡ್ಡಲಾಗಿ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲನ್ನು ಮುಟ್ಟಬೇಕು. ಬೆನ್ನನ್ನು ಕೂದಲೆಳೆಯಷ್ಟು ಎತ್ತಿದರೂ ಬಾಯಿ ಮೊಂಡಾಗುತ್ತದೆ. ಆದುದರಿಂದ ಕಲಿಯುವವನು ಮೊದಲು ಕಲಿಯಬೇಕಾದುದು ಒತ್ತುವುದನ್ನಲ್ಲ, ಒತ್ತದೆ ಇರುವುದನ್ನು. ಕತ್ತಿಯ ತೂಕವೇ ಕೆಲಸವನ್ನು ಮಾಡಲಿ ಎಂದು ಬೆರಳುಗಳನ್ನು ಸಡಿಲ ಬಿಡುವುದು ಬಲಶಾಲಿಗೆ ಬಲು ಕಷ್ಟ.

ಎರಡನೆಯದು ದಿಕ್ಕು. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗುತ್ತದೆ, ಕಲ್ಲಿನಿಂದ ತೆಳುವಾದ ಪದರವೊಂದನ್ನು ಎಬ್ಬಿಸಲು ಹೊರಟಂತೆ. ತಿರುಗಿಸುವಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಅಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲು. ಹೋದಷ್ಟು ಸಲವೇ ಮರಳಬೇಕು. ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗಕೂಡದು. ತೊಗಲಿನ ಪಟ್ಟಿಗೆ ಬಂದಾಗ ಎಲ್ಲವೂ ತಿರುವುಮುರುವು: ಅಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಅಭ್ಯಾಸದಿಂದ ಬಾಯಿಯನ್ನು ಮುಂದಿಟ್ಟವನು ಪಟ್ಟಿಯನ್ನೇ ಸೀಳಿಬಿಡುತ್ತಾನೆ. ಕಲ್ಲು ಉಕ್ಕನ್ನು ಸವೆಸಿ ಹರಿತವನ್ನು ಹುಟ್ಟಿಸುತ್ತದೆ; ತೊಗಲು ಆ ಹರಿತದ ಸೂಕ್ಷ್ಮ ಬಾಗುಗಳನ್ನು ನೇರಗೊಳಿಸಿ ಅದನ್ನು ಚರ್ಮಕ್ಕೆ ಹಿತವಾಗಿಸುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಮೂರನೆಯದು ಎಲ್ಲಕ್ಕಿಂತ ಕಠಿಣ: ಎಲ್ಲಿ ನಿಲ್ಲಿಸಬೇಕೆಂಬ ಅರಿವು. ಸಾಲದೆ ಮಸೆದ ಕತ್ತಿಯು ಕೂದಲನ್ನು ಕೀಳುತ್ತದೆ. ಮಿತಿಮೀರಿ ಮಸೆದರೆ ಬಾಯಿಯ ಅಂಚು ತಗಡಿನ ಸಿಪ್ಪೆಯಂತೆ ತೆಳುವಾಗಿ ಒಂದು ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಮುಟ್ಟಿದರೆ ಅತಿ ಹರಿತವೆಂಬ ಭ್ರಮೆಯನ್ನು ಹುಟ್ಟಿಸಿ, ಗಲ್ಲಕ್ಕೆ ಇಟ್ಟೊಡನೆ ಮುರಿದು ಬೀಳುತ್ತದೆ. ಈ ಎರಡರ ನಡುವಣ ಬಿಂದುವನ್ನು ಕಣ್ಣು ಕಾಣಲಾರದು. ಕಿವಿ ಕೇಳಬೇಕು, ಬೆರಳು ಅರಿಯಬೇಕು. ಕಲ್ಲಿನ ಮೇಲೆ ಮೊದಮೊದಲು ಕರಕರ ಎನ್ನುತ್ತಿದ್ದ ಸದ್ದು ನಯವಾಗುತ್ತ ಬರುತ್ತದೆ. ಬಾಯಿಯ ಮುಂದೆ ನೀರು ಒಂದೇ ಸಮನಾಗಿ ಸರಿಯತೊಡಗುತ್ತದೆ. ಮುಂಗೈಯ ಕೂದಲು ಚರ್ಮವನ್ನು ಮುಟ್ಟುವ ಮೊದಲೇ ಉದುರುತ್ತದೆ. ಇದನ್ನು ಪುಸ್ತಕದಲ್ಲಿ ಬರೆಯಬಹುದು, ಪುಸ್ತಕದಿಂದ ಕಲಿಯಲಾಗದು. ಇದರ ಜೊತೆಗೆ ಕಲ್ಲಿನ ಆರೈಕೆ ಬೇರೆ ಉಂಟು. ದಿನವೂ ಮಸೆಯುವ ಕಲ್ಲು ನಡುವೆ ಸವೆದು ತಗ್ಗಾಗುತ್ತದೆ. ತಗ್ಗಾದ ಕಲ್ಲು ನೆಟ್ಟಗಿನ ಬಾಯಿಯನ್ನು ಕೊಡಲಾರದು. ಅದನ್ನು ಇನ್ನೊಂದು ಸಮತಟ್ಟಾದ ಕಲ್ಲಿಗೆ ತಿಕ್ಕಿ ಮಟ್ಟ ಮಾಡಿಕೊಳ್ಳಬೇಕು. ಕತ್ತಿಯನ್ನು ತಿದ್ದುವ ಕಲ್ಲೂ ತಿದ್ದಿಸಿಕೊಳ್ಳಬೇಕಾಗುತ್ತದೆ.

ಈ ಕೆಲಸವು ಎಷ್ಟು ಸೂಕ್ಷ್ಮವೆಂಬುದಕ್ಕೆ ವಿಜ್ಞಾನಿಗಳ ಸಾಕ್ಷ್ಯವೂ ಇದೆ. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಹೀಗಿದ್ದರೂ ಕೂದಲನ್ನು ಕತ್ತರಿಸುತ್ತ ಕತ್ತರಿಸುತ್ತ ಉಕ್ಕು ಮೊಂಡಾಗುವುದೇಕೆ? ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಬಾಯಿಯು ಬರಿದೆ ಸವೆದು ದುಂಡಗಾಗುವುದಿಲ್ಲ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆಗಳಲ್ಲಿ ಅಂಚು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಒಡೆಯುತ್ತದೆ ಎಂದು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಕತ್ತಿಯ ಬಾಯಿಯಲ್ಲಿ ಏನು ನಡೆಯುತ್ತದೆಂಬುದನ್ನು ಹಡಪದ ಮುದುಕನು ಸೂಕ್ಷ್ಮದರ್ಶಕವಿಲ್ಲದೆ ಹೇಳಲಾರನಾಗಿದ್ದನು, ನಿಜ. ಆದರೆ ಅದನ್ನು ಸರಿಪಡಿಸುವ ಬಗೆಯನ್ನು ಅವನು ಬಲ್ಲವನಾಗಿದ್ದನು.

ಈ ನಾಡಿಗಂತೂ ಸಾಣೆಯು ಹೊಸದಲ್ಲ. ಬಳ್ಳಾರಿಯ ಬಳಿಯ ಕಪ್ಪಗಲ್ಲಿನ ಬೆಟ್ಟದಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಮಾಡಿ ಬಂಡೆಗೆ ಉಜ್ಜಿ ಹರಿತಗೊಳಿಸುತ್ತಿದ್ದರು. ಉಜ್ಜಿ ಉಜ್ಜಿ ಬಿದ್ದ ತಗ್ಗುಗಳು ಆ ಬಂಡೆಗಳ ಮೇಲೆ ಉಳಿದುಬಂದಿವೆ. ಕಲ್ಲು ಹೋಗಿ ಕಬ್ಬಿಣ ಬಂದಿತು, ಕಬ್ಬಿಣದಿಂದ ಉಕ್ಕು ಬಂದಿತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಭಾರತದ ‘ವೂಟ್ಸ್’ ಉಕ್ಕನ್ನು ಕುರಿತು ಪ್ರಬಂಧವನ್ನು ಮಂಡಿಸಿದನು. ಆ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದವೇ ಕೆಟ್ಟು ಆದುದೆಂದು ಬಹುಮಂದಿ ವಿದ್ವಾಂಸರ ಮತ. ಲಂಡನ್ನಿನ ಚೂರಿಗಾರ ಜೇಮ್ಸ್ ಸ್ಟೊಡಾರ್ಟನು ಈ ಉಕ್ಕನ್ನು ಮೆಚ್ಚಿ ಅದರಿಂದ ನಯವಾದ ಆಯುಧಗಳನ್ನು ಮಾಡಿದನು. ಮುಂದೆ ವಿದ್ಯುತ್ತಿನ ಸಂಶೋಧನೆಯಿಂದ ಜಗದ್ವಿಖ್ಯಾತನಾದ ಮೈಕೆಲ್ ಫ್ಯಾರಡೆಯು 1820ರ ಸುಮಾರಿಗೆ ಈತನೊಡನೆ ಸೇರಿ ಉಕ್ಕಿನ ಪ್ರಯೋಗಗಳನ್ನು ನಡೆಸಿದನು. ಆ ಉಕ್ಕಿನಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆಯಾಗಿ ಕೊಟ್ಟನು. ಇಂಗ್ಲೆಂಡಿನಲ್ಲಿ ಕ್ಷೌರದ ಕತ್ತಿಯು ವಿಜ್ಞಾನಿಯ ಉಡುಗೊರೆ. ನಮ್ಮಲ್ಲಿ ಅದರ ಹೆಸರು ಹಿಡಿದು ಕರೆದರೆ ಬೈಗುಳ.

ಇನ್ನು ನಮ್ಮ ಸೀಮೆಯ ಮಾತು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ನೋಡದವರು ಇಲ್ಲಿ ವಿರಳ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿಯನ್ನು ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಹೊಗಳುತ್ತದೆ. ಕನ್ನಡಿಯಂತೆ ಹೊಳೆಯುವ ಅಲ್ಲಿನ ಕಂಬಗಳ ಮುಂದೆ ನಿಂತವರು ಕಟ್ಟಿಸಿದವನನ್ನು ನೆನೆಯುತ್ತಾರೆ, ಕೆತ್ತಿದವನನ್ನೂ ನೆನೆಯುತ್ತಾರೆ. ಕೆತ್ತಿದವನ ಉಳಿಯು ಸಂಜೆಗೆ ಮೊಂಡಾಗಿ, ಮರುಬೆಳಗಿಗೆ ಮತ್ತೆ ಹರಿತವಾಗಿರಬೇಕಾಗಿತ್ತು ಎಂಬುದನ್ನು ನೆನೆಯುವವರಾರು? ಶಿಲ್ಪವೆಲ್ಲವೂ ಸಾಣೆಯ ಸಾಲದ ಮೇಲೆ ನಿಂತಿದೆ. ಬೆಳೆಯೂ ಅಷ್ಟೆ, ಕುಡುಗೋಲು ಮೊಂಡಾದರೆ ಕೊಯ್ಲು ನಿಲ್ಲುತ್ತದೆ.

ಇಂಥ ವಿದ್ಯೆಯು ಕ್ಷೌರದ ಅಂಗಡಿಯನ್ನು ಬಿಟ್ಟು ಹೋದ ಬಗೆಯನ್ನು ನ್ಯಾಯವಾಗಿ ಹೇಳಬೇಕು. ಅಮೆರಿಕದ ಜಿಲೆಟ್ಟನು ಬಿಸಾಡುವ ಬ್ಲೇಡಿಗೆ 1904ರಲ್ಲಿ ಪೇಟೆಂಟು ಪಡೆದನು. ಮಸೆಯುವ ಅಗತ್ಯವೇ ಇಲ್ಲವೆಂಬುದು ಆ ಬ್ಲೇಡಿನ ಹೆಗ್ಗಳಿಕೆಯಾಗಿದ್ದಿತು. ಆದರೂ ನಮ್ಮ ಹಳ್ಳಿಗಳಲ್ಲಿ ಮಡಿಚುವ ಕತ್ತಿಯು ಅದರ ಮುಂದೆ ಬಹುಕಾಲ ತಲೆ ತಗ್ಗಿಸಲಿಲ್ಲ. 1986ರಲ್ಲಿ ಮದ್ರಾಸಿನಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಎಚ್‌ಐವಿ ಸೋಂಕು ಪತ್ತೆಯಾಯಿತು. ರಕ್ತದಿಂದ ಹರಡುವ ರೋಗದ ಭಯವು ಹಳ್ಳಿಹಳ್ಳಿಗೆ ಮುಟ್ಟಿದಾಗ, ತಲೆಗೊಂದು ಹೊಸ ಬ್ಲೇಡೆಂಬ ನಿಯಮವು ಬೇರೂರಿತು. ಹಿಡಿಯು ಹಳೆಯ ಕತ್ತಿಯದೇ ಆಗಿ ಉಳಿದು, ಅದರ ಬಾಯಿಗೆ ಮುರಿದ ಅರ್ಧ ಬ್ಲೇಡು ಬಂದು ಕುಳಿತಿತು. ಇದು ಒಳ್ಳೆಯದೇ ಆಯಿತು. ಹಲವರ ಗಲ್ಲಕ್ಕೆ ಒಂದೇ ಕತ್ತಿ ಆಡುವ ಕಾಲವು ಮರಳಬೇಕೆಂದು ಬುದ್ಧಿಯಿದ್ದವರು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ.

ಆದರೆ ಪ್ರಶ್ನೆಯೊಂದು ಉಳಿಯುತ್ತದೆ. ಯಂತ್ರದ ನೂಲು ಬಂದರೂ ಕೈಮಗ್ಗವು ಬದುಕಿದೆ, ಹಾರ್ಮೋನಿಯಂ ಬಂದರೂ ತಂಬೂರಿಯು ಬದುಕಿದೆ. ಬ್ಲೇಡು ಬಂದೊಡನೆ ಕಲ್ಲೇಕೆ ಇಷ್ಟು ನಿಶ್ಶಬ್ದವಾಗಿ ಸತ್ತಿತು? ಅದನ್ನು ಉಳಿಸಿರೆಂದು ಒಂದು ಧ್ವನಿಯೂ ಏಕೆ ಏಳಲಿಲ್ಲ? ಬಲ್ಲವರು ಉಳಿಸಬಯಸಲಿಲ್ಲ, ಬಯಸಿದವರು ಬಲ್ಲವರಾಗಿರಲಿಲ್ಲ ಎಂಬುದೇ ಉತ್ತರ. ಕೆಲಸವಿಲ್ಲದ ಕ್ಷೌರಿಕನು ಬೆಕ್ಕಿನ ತಲೆ ಬೋಳಿಸಿದನೆಂದು ನಗುವ ಊರಿನಲ್ಲಿ ಯಾವ ತಂದೆಯು ತನ್ನ ಮಗನ ಕೈಗೆ ಕಲ್ಲನ್ನು ಕೊಟ್ಟಾನು? ‘ನನ್ನ ಹಣೆಬರಹ ನಿನಗೆ ಬೇಡ, ಸಾಲಿ ಕಲಿ’ ಎಂದು ಅವನು ಮಗನನ್ನು ಶಾಲೆಗೆ ಅಟ್ಟಿದುದು ಸರಿಯೇ ಆಯಿತು. ಮಗನು ಗುಮಾಸ್ತನೋ ಮಾಸ್ತರನೋ ಆಗಿ ಕಲ್ಲನ್ನು ಮರೆತುದನ್ನು ಕಂಡು ಮರುಗುವ ಹಕ್ಕು ಆ ಕೆಲಸವನ್ನು ಕೀಳೆಂದ ನಮಗಿಲ್ಲ. ಹಳೆಯ ಕಸುಬುಗಳು ಅಳಿದುವೆಂದು ಭಾನುವಾರದ ಪುಟಗಳಲ್ಲಿ ಕಣ್ಣೀರು ಹಾಕುವವರು ತಮ್ಮ ಮಗನನ್ನು ಆ ಕಸುಬಿಗೆ ಕಳುಹಿಸುವರೇ ಎಂದು ಮೊದಲು ಕೇಳಿಕೊಳ್ಳಲಿ.

ಕುಲಕ್ಕೆ ಕಟ್ಟಿದ ಕಸುಬು ಕಸುಬಿನವನನ್ನು ಮಾತ್ರ ಕುಗ್ಗಿಸುವುದಿಲ್ಲ. ಅವನ ಕೈಯಿಂದ ಇನ್ನೊಬ್ಬನನ್ನು ಕುಗ್ಗಿಸುತ್ತದೆ. ಗಾಂಧೀಜಿಯವರು ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಒಬ್ಬ ಆಂಗ್ಲ ಕ್ಷೌರಿಕನ ಬಳಿಗೆ ಹೋದಾಗ ಅವನು ಅವರ ಕೂದಲನ್ನು ಕತ್ತರಿಸಲು ಒಪ್ಪಲಿಲ್ಲ. ಅವರು ತಮ್ಮ ಆತ್ಮಕಥೆಯಲ್ಲಿ ಅವನನ್ನು ದೂರಲಿಲ್ಲ. ಕರಿಯರಿಗೆ ಕ್ಷೌರ ಮಾಡಿದರೆ ಅವನ ಗಿರಾಕಿಗಳೇ ಅವನನ್ನು ಬಿಡುತ್ತಿದ್ದರೆಂದು ಬರೆದು, ನಾವೂ ನಮ್ಮ ಕ್ಷೌರಿಕರನ್ನು ಅಸ್ಪೃಶ್ಯರ ಸೇವೆಗೆ ಬಿಡುವುದಿಲ್ಲವಲ್ಲ ಎಂದು ತಮ್ಮವರ ಕಡೆಗೇ ತಿರುಗಿ ನೋಡಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ಅಳಿಸಿಹಾಕಿತು. 1955ರ ಕಾಯಿದೆಯು ಅದರ ಆಚರಣೆಯನ್ನು ದಂಡನೀಯ ಅಪರಾಧವನ್ನಾಗಿ ಮಾಡಿತು. ಇಷ್ಟಾದ ಮೇಲೂ 2024ರ ಆಗಸ್ಟಿನಲ್ಲಿ ಇದೇ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ, ಕ್ಷೌರ ಮಾಡಿಸಿಕೊಳ್ಳಲು ಹೋದ ದಲಿತ ಯುವಕನೊಬ್ಬನು ಕತ್ತರಿಯ ಇರಿತಕ್ಕೆ ಬಲಿಯಾದ ಸುದ್ದಿಯನ್ನು ನಾಡೆಲ್ಲ ಓದಿತು. ಅಪರಾಧವನ್ನು ಅಳೆಯುವುದು ನ್ಯಾಯಾಲಯದ ಕೆಲಸ. ಒಬ್ಬನ ಕೃತ್ಯದ ಹೊಣೆಯನ್ನು ಒಂದು ಸಮುದಾಯದ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಯಾರ ಕೂದಲಿಗೆ ಕತ್ತರಿ ಸಲ್ಲಬೇಕು, ಯಾರದಕ್ಕೆ ಸಲ್ಲಬಾರದು ಎಂಬ ಲೆಕ್ಕವನ್ನು ಶತಮಾನಗಳ ಕಾಲ ಬರೆದವರು ಜಗುಲಿಯ ಮೇಲೆ ಕುಳಿತವರೇ ಹೊರತು ಕೆಳಗೆ ನಿಂತವನಲ್ಲ. ಆ ಲೆಕ್ಕವು ಇನ್ನೂ ಹರಿದಿಲ್ಲ.

ಕಲ್ಯಾಣದ ಶರಣರು ಈ ಲೆಕ್ಕವನ್ನು ಹರಿಯಲು ಹೊರಟಿದ್ದರು. ಹಡಪದ ಅಪ್ಪಣ್ಣನವರೂ ಅವರ ಪತ್ನಿ ಲಿಂಗಮ್ಮನವರೂ ಇಬ್ಬರೂ ವಚನಕಾರರು. ಚೀಲ ಹಿಡಿಯುವ ಕಾಯಕಕ್ಕೂ ಅನುಭಾವಕ್ಕೂ ನಡುವೆ ಗೋಡೆಯಿಲ್ಲವೆಂಬುದನ್ನು ಆ ದಂಪತಿಗಳು ಬದುಕಿ ತೋರಿಸಿದರು. ನಾವು ಮಾಡಿದುದೇನು? ಕಾಯಕವೆಂಬ ಮಾತನ್ನು ಇಟ್ಟುಕೊಂಡೆವು, ಅದರ ಅರ್ಥವನ್ನು ಜಾತಿಗೆ ಒಪ್ಪಿಸಿದೆವು. ವರ್ಷಕ್ಕೊಮ್ಮೆ ಜಯಂತಿಯ ದಿನ ಭಾವಚಿತ್ರಕ್ಕೆ ಹಾರ ಹಾಕಿ, ಮರುದಿನ ಆ ಕಸುಬಿನ ಹೆಸರನ್ನು ಬೈಗುಳವಾಗಿ ಬಳಸುತ್ತೇವೆ. ಕಾಯಕವು ಆರಿಸಿಕೊಂಡುದಾದರೆ ಮಾತ್ರ ಕೈಲಾಸ. ಹುಟ್ಟಿನಿಂದ ಹೇರಿದುದಾದರೆ ಬರಿಯ ಬಿಟ್ಟಿ.

ಪಶ್ಚಿಮದ ದೇಶಗಳಲ್ಲಿ ಈಗ ನಡೆಯುತ್ತಿರುವುದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ವಕೀಲರು, ಎಂಜಿನಿಯರರು, ಪ್ರಾಧ್ಯಾಪಕರು ತಮ್ಮ ಗಡ್ಡವನ್ನು ತಾವೇ ಬೋಳಿಸಿಕೊಳ್ಳಲೆಂದು ಹಳೆಯ ಮಡಿಚುವ ಕತ್ತಿಗಳನ್ನು ಕೊಂಡು ಮಸೆಯಲು ಕಲಿಯುತ್ತಿದ್ದಾರೆ. ಜರ್ಮನಿಯ ಜೋಲಿಂಗೆನ್ ಪಟ್ಟಣದ ಕತ್ತಿ, ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳಲ್ಲಿ ತೆಗೆಯುವ ಹಳದಿಯ ಕಲ್ಲು, ಜಪಾನಿನ ಕ್ಯೋಟೊ ಸೀಮೆಯ ಗಣಿಗಲ್ಲು ಇವುಗಳಿಗೆ ದೊಡ್ಡ ಬೆಲೆ ತೆರುತ್ತಾರೆ. ಬೆಲ್ಜಿಯಮ್ಮಿನ ಕಲ್ಲಿನೊಳಗೆ ಹುಡಿಯಂತೆ ಹುದುಗಿರುವ ಗಾರ್ನೆಟ್ ಹರಳುಗಳು ಉಕ್ಕನ್ನು ಹೇಗೆ ಸವೆಸುತ್ತವೆಂದು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಸ್ವಂತ ಕತ್ತಿಯಾದುದರಿಂದ ಸೋಂಕಿನ ಭಯವಿಲ್ಲ. ಒಂದು ಕತ್ತಿಯು ಮೊಮ್ಮಗನ ಕಾಲದವರೆಗೂ ಬಾಳುವುದರಿಂದ ಬಿಸಾಡುವ ಬ್ಲೇಡಿನ ರಾಶಿಯೂ ಇಲ್ಲ. ಅವರಿಗೆ ಇದು ಕಲೆಯಾಗಿ ಕಂಡುದೇಕೆ? ಕಲ್ಲನ್ನು ಕೈಗೆ ತೆಗೆದುಕೊಂಡ ಮಾತ್ರಕ್ಕೆ ಅಲ್ಲಿ ಯಾರೂ ‘ನೀನು ಯಾವ ಕುಲದವನು?’ ಎಂದು ಕೇಳುವುದಿಲ್ಲ. ಅದೇ ಕಲ್ಲು, ಅದೇ ಉಕ್ಕು. ವ್ಯತ್ಯಾಸವಿರುವುದು ನೋಡುವ ಕಣ್ಣಿನಲ್ಲಿ.

ಆದುದರಿಂದ ಸಾಣೆಯ ವಿದ್ಯೆಯನ್ನು ಉಳಿಸಬೇಕಾದರೆ ಅದನ್ನು ಹಡಪದವರ ಮಕ್ಕಳಿಗೇ ಮತ್ತೆ ಹೊರಿಸುವುದು ದಾರಿಯಲ್ಲ. ಎಲ್ಲರ ಮಕ್ಕಳಿಗೂ ಕಲಿಸುವುದು ದಾರಿ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ತಿರುಗುವ ಚಕ್ರಕ್ಕೆ ಉಳಿಯನ್ನು ಹಿಡಿಯುವುದನ್ನು ಕಲಿಸುತ್ತಾರೆ; ಅದರ ಪಕ್ಕದಲ್ಲಿ ಒಂದು ನೀರುಗಲ್ಲನ್ನೂ ಒಂದು ತೊಗಲಿನ ಪಟ್ಟಿಯನ್ನೂ ಇಡುವುದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಒಂದು ಮೈ ಒರಟು, ಇನ್ನೊಂದು ಮೈ ನಯವಾಗಿರುವ ಕಾರ್ಬೊರಂಡಮ್ ಕಲ್ಲು ಕಬ್ಬಿಣದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದರಿಂದ ಮೊದಲುಮಾಡಿ ನುಣ್ಣನೆಯ ಕಲ್ಲಿಗೆ ಏರಬಹುದು. ರೈತನ ಮಗಳು ಕುಡುಗೋಲಿಗೆ, ಬಡಗಿಯ ಕೆಲಸ ಕಲಿಯುವವನು ಉಳಿಗೆ, ಅಡಿಗೆಯವನು ಚಾಕುವಿಗೆ, ಬಯಸಿದವರು ತಮ್ಮ ಸ್ವಂತ ಕ್ಷೌರದ ಕತ್ತಿಗೆ ಆ ವಿದ್ಯೆಯನ್ನು ಬಳಸಿಕೊಳ್ಳಲಿ. ಕಲಿಸುವ ಗುರುಗಳಾಗಿ ಆ ಮುದುಕರನ್ನೇ ಕರೆತರಬೇಕು. ಹಂಗಿನ ಕಾಳಿಗಲ್ಲ, ಮಾಸ್ತರರಿಗೆ ಕೊಡುವ ಸಂಬಳಕ್ಕೆ; ಜಗುಲಿಯ ಕೆಳಗಲ್ಲ, ಮಕ್ಕಳ ಮುಂದಿನ ಕುರ್ಚಿಗೆ. ಕಲ್ಲನ್ನು ಬಲ್ಲ ಕೈಗಳು ಈಗಾಗಲೇ ನಡುಗತೊಡಗಿವೆ. ತಡಮಾಡಿದರೆ ಕಲ್ಲು ಇರುತ್ತದೆ, ಹೇಳಿಕೊಡುವವರು ಇರುವುದಿಲ್ಲ.

‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ?’ ಎಂದು ಕೆಲವರು ಹೇಳಬಹುದು. ವಿಷಯವು ಸಣ್ಣದೇ, ಕತ್ತಿಯ ಬಾಯಿಯೂ ಸಣ್ಣದೇ. ಒಂದು ಸಮಾಜವು ತನ್ನ ವಿದ್ಯೆಗಳನ್ನು ಎಷ್ಟು ಗೌರವಿಸುತ್ತದೆ ಎಂಬುದನ್ನು ಅದರ ವಿಶ್ವವಿದ್ಯಾಲಯಗಳ ಗೋಪುರಗಳಿಂದ ಅಳೆಯಲಾಗದು. ಅದು ಯಾರ ಬಳಿಯಲ್ಲಿ ಏನನ್ನು ಕಲಿಯಲು ಸಿದ್ಧವಾಗಿದೆ ಎಂಬುದರಿಂದ ಅಳೆಯಬೇಕು. ಬ್ರಾಹ್ಮಣರ ಹುಡುಗನೂ ಲಿಂಗಾಯತರ ಹುಡುಗಿಯೂ ದಲಿತ ಕೇರಿಯ ಮಗುವೂ ಹಡಪದ ಅಜ್ಜನ ಮುಂದೆ ಒಂದೇ ಸಾಲಿನಲ್ಲಿ ಕುಳಿತು, ಬೆನ್ನನ್ನೂ ಬಾಯಿಯನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸುವುದನ್ನು ಕಲಿಯುವ ದಿನ ಯಲಬುರ್ಗಾಕ್ಕೆ ಬಂದರೆ, ಆ ದಿನ ಹರಿತವಾಗುವುದು ಕತ್ತಿಯೊಂದೇ ಅಲ್ಲ.